ಮರಳಿನಿಂದ ಹುಟ್ಟಿದ ಸಾಣೆಕಲ್ಲು

ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮ ಸೋದರತ್ತೆಯವರ ಮನೆಯುಂಟು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ನಾವು ಅಲ್ಲಿಗೆ ಹೋಗಿದ್ದೆವು. ಎಳ್ಳುಬೆಲ್ಲಕ್ಕಾಗಿ ಕೊಬ್ಬರಿಯನ್ನು ಸಣ್ಣಗೆ ಹೆಚ್ಚುವ ಸಂಭ್ರಮ ಮನೆಯಲ್ಲಿ ನಡೆದಿತ್ತು. ಆದರೆ ಅಡಕತ್ತರಿ ಮೊಂಡಾಗಿತ್ತು. ಈಳಿಗೆಮಣೆಯ ಅಲಗು ಅದಕ್ಕಿಂತಲೂ ಮೊಂಡಾಗಿತ್ತು. ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಸಾಣೆಯವನ ಕೂಗು ಕೇಳಿಸಿತು. ಅವನು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲು ತುಳಿಯುತ್ತ, ಮುಂದೆ ಬಿಗಿದಿದ್ದ ಬೂದುಬಣ್ಣದ ಸಣ್ಣ ಚಕ್ರಕ್ಕೆ ಅಲಗನ್ನು ತಾಗಿಸಿದ ಕೂಡಲೆ ಕಿಡಿಗಳು ಹೂಬಾಣದಂತೆ ಚಿಮ್ಮಿದುವು. ಮಕ್ಕಳೆಲ್ಲ ಸುತ್ತ ನೆರೆದರು, ನಾವೂ ನೆರೆದೆವು.

"ಇದು ಯಾವ ಬೆಟ್ಟದ ಕಲ್ಲಪ್ಪಾ?" ಎಂದು ಕೇಳಿದೆವು.

"ಬೆಟ್ಟದ್ದಲ್ಲ ಸ್ವಾಮಿ, ಕಂಪ್ನೀದು. ಬೆಟ್ಟದ ಕಲ್ಲು ನಮ್ಮಜ್ಜನ ಕಾಲಕ್ಕೇ ಹೋಯ್ತು" ಎಂದನು.

ಅವನ ಮಾತು ಅಕ್ಷರಶಃ ನಿಜ. ಆ ಚಕ್ರದಲ್ಲಿದ್ದ ಹರಳು ಯಾವ ಗಣಿಯಿಂದಲೂ ಬಂದುದಲ್ಲ. ಮರಳನ್ನೂ ಇದ್ದಿಲನ್ನೂ ವಿದ್ಯುತ್ತಿನ ಕುಲುಮೆಯಲ್ಲಿ ಬೇಯಿಸಿ ಮಾಡಿದುದು. ಇದಕ್ಕೆ ರಸಾಯನಶಾಸ್ತ್ರಜ್ಞರು ಸಿಲಿಕಾನ್ ಕಾರ್ಬೈಡ್ ಎನ್ನುವರು. ಅಂಗಡಿಯಲ್ಲಿ ಕಾರ್ಬೊರಂಡಮ್ ಎಂದರೇ ಎಲ್ಲರಿಗೂ ತಿಳಿಯುವುದು. ಅಮೆರಿಕದಲ್ಲಿ ಹುಟ್ಟಿದ ಈ ಹೆಸರಿನ ಉತ್ತರಾರ್ಧ ನಮ್ಮ ನಾಡಿನದು ಎಂಬ ಸಂಗತಿ ಮಾತ್ರ ಆ ಸಾಣೆಯವನಿಗೆ ತಿಳಿದಿರಲಿಲ್ಲ.

ಸಾಣೆಯ ಮರ್ಮವೆಲ್ಲ ಗಡಸುತನದಲ್ಲಿದೆ. ಗಟ್ಟಿಯಾದ ವಸ್ತು ಮೆದುವಾದುದನ್ನು ಗೀರುವುದು, ಮೆದುವಾದುದು ಗಟ್ಟಿಯಾದುದನ್ನು ಗೀರಲಾರದು. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು 1812ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಹತ್ತು ಮೆಟ್ಟಿಲುಗಳ ಒಂದು ಏಣಿಯನ್ನು ಕಲ್ಪಿಸಿದನು. ಬಳಪದ ಕಲ್ಲು ಅದರ ಮೊದಲನೆಯ ಮೆಟ್ಟಿಲು, ಬೆಣಚುಕಲ್ಲು ಏಳನೆಯದು, ವಜ್ರ ಹತ್ತನೆಯದು. ಒಂಬತ್ತನೆಯ ಮೆಟ್ಟಿಲಿನಲ್ಲಿ ಕುಳಿತಿರುವುದೇ ನಮ್ಮ ಕುರುಂದ. ಸಂಸ್ಕೃತದಲ್ಲಿ ಕುರುವಿಂದವೆಂದೂ ತಮಿಳಿನಲ್ಲಿ ಕುರುಂದಮ್ ಎಂದೂ ಕರೆಯುವ ಈ ಕಲ್ಲು ಅಲ್ಯುಮಿನಿಯಮ್ ಮತ್ತು ಆಮ್ಲಜನಕಗಳ ಸಂಯುಕ್ತ. ತಿಳಿಯಾಗಿ ಕೆಂಪಾಗಿದ್ದರೆ ಮಾಣಿಕ್ಯವಾಗಿ ಉಂಗುರ ಸೇರುವುದು, ನೀಲಿಯಾಗಿದ್ದರೆ ಇಂದ್ರನೀಲವೆನಿಸುವುದು. ಮಬ್ಬಾಗಿದ್ದರೆ ಸಾಣೆಯವನ ಪಾಲು. ಮೈಸೂರು ಸೀಮೆಯ ಹಲವು ಕಡೆ ಇದು ಸಿಕ್ಕುವುದು. ತುಮಕೂರು ಜಿಲ್ಲೆಯಲ್ಲಿ ಪಾವಗಡದ ಪ್ರಾಂತದಲ್ಲಿ ಉಂಟು.

ಪೂರ್ವದಲ್ಲಿ ನಮ್ಮ ದೇಶದ ಕುಶಲಿಗಳು ಕುರುಂದವನ್ನು ಕುಟ್ಟಿ ಪುಡಿಮಾಡಿ, ಜರಡಿ ಹಿಡಿದು, ಕರಗಿಸಿದ ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದರು. ರತ್ನಗಳನ್ನು ಉಜ್ಜುವವರೂ ಆಯುಧಗಳಿಗೆ ಸಾಣೆ ಹಿಡಿಯುವವರೂ ಬಳಸುತ್ತಿದ್ದುದು ಈ ಅರಗಿನ ಚಕ್ರವನ್ನೇ. ಗಟ್ಟಿ ಹರಳು, ಅದನ್ನು ಹಿಡಿದಿಡುವ ಅಂಟು: ಇಂದಿನ ಅತಿ ದೊಡ್ಡ ಕಾರ್ಖಾನೆಯ ಸಾಣೆಚಕ್ರದಲ್ಲಿಯೂ ಇರುವುದು ಇವೆರಡೇ. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾಖಂಡದ ಈ ಕಲ್ಲಿನ ವಿಷಯವಾಗಿ ಲೇಖನವನ್ನು ಬರೆದರು. ಹೀಗೆ ಕುರುಂದವು ಕೊರಂಡಮ್ ಆಗಿ ಪಾಶ್ಚಾತ್ಯರ ನಿಘಂಟನ್ನು ಸೇರಿತು.

ಇನ್ನು ಅಮೆರಿಕಕ್ಕೆ ಹೋಗೋಣ. ಎಡ್ವರ್ಡ್ ಗುಡ್ರಿಚ್ ಆಚೆಸನ್ ಎಂಬಾತನು 1856ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಹುಟ್ಟಿ, ತಾರುಣ್ಯದಲ್ಲಿ ಸುಪ್ರಸಿದ್ಧ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವನು. ಅವನ ತಲೆಯಲ್ಲಿ ಹೊಕ್ಕಿದ್ದುದು ಕೃತಕ ವಜ್ರದ ಹುಚ್ಚು. ವಜ್ರವೆಂದರೆ ಶುದ್ಧ ಇಂಗಾಲವಷ್ಟೆ. ಅತಿಶಯವಾದ ಕಾವಿನಲ್ಲಿ ಇಂಗಾಲವನ್ನು ಹರಳುಗಟ್ಟಿಸಿದರೆ ವಜ್ರವೇಕಾಗಬಾರದು ಎಂದು ಅವನ ತರ್ಕ. 1891ರಲ್ಲಿ ಮೊನೊಂಗಹೀಲಾ ಎಂಬ ಊರಿನಲ್ಲಿ ಅವನು ಒಂದು ಸಣ್ಣ ಕಬ್ಬಿಣದ ಬೋಗುಣಿಯಲ್ಲಿ ಜೇಡಿಮಣ್ಣನ್ನೂ ಕೋಕ್ ಇದ್ದಿಲಿನ ಪುಡಿಯನ್ನೂ ಬೆರೆಸಿ ತುಂಬಿದನು. ಬೋಗುಣಿಗೆ ಒಂದು ತಂತಿ, ಮಧ್ಯದಲ್ಲಿ ನೆಟ್ಟ ಇಂಗಾಲದ ಕಡ್ಡಿಗೆ ಇನ್ನೊಂದು ತಂತಿ. ಬಲವಾದ ವಿದ್ಯುತ್ಪ್ರವಾಹವನ್ನು ಹರಿಸಿದನು. ಮಿಶ್ರಣವು ಕೆಂಡವಾಗಿ ಕರಗಿ ಕುದಿದು ಆರಿತು. ಆರಿದ ಗಟ್ಟಿಯನ್ನು ಒಡೆದು ನೋಡಿದರೆ ವಜ್ರವೇನೂ ಇರಲಿಲ್ಲ. ಕಡ್ಡಿಯ ತುದಿಯಲ್ಲಿ ಮಾತ್ರ ನಾಲ್ಕಾರು ಚುಕ್ಕೆಗಳು ಥಳಥಳಿಸುತ್ತಿದ್ದುವು. ಬೇರೊಬ್ಬನಾಗಿದ್ದರೆ ಬೋಗುಣಿಯನ್ನು ತಿಪ್ಪೆಗೆ ಸುರಿದು ಮನೆಗೆ ಹೋಗುತ್ತಿದ್ದನು. ಆಚೆಸನ್ನನು ಒಂದು ಚುಕ್ಕೆಯನ್ನು ಸೀಸದ ಕಡ್ಡಿಯ ತುದಿಗೆ ಅಂಟಿಸಿ ಕಿಟಕಿಯ ಗಾಜಿನ ಮೇಲೆ ಎಳೆದನು. ಗಾಜು ಗೀರಿತು.

ಇಂಗಾಲವು ಜೇಡಿಮಣ್ಣಿನಲ್ಲಿರುವ ಅಲ್ಯುಮಿನಾದೊಡನೆ, ಎಂದರೆ ಕುರುಂದದ ದ್ರವ್ಯದೊಡನೆ, ಕೂಡಿ ಈ ಹರಳಾಯಿತೆಂದು ಅವನು ಭಾವಿಸಿದನು. ಆದಕಾರಣ ಕಾರ್ಬನ್ ಮತ್ತು ಕೊರಂಡಮ್ ಎರಡನ್ನೂ ಹೆಣೆದು ಕಾರ್ಬೊರಂಡಮ್ ಎಂದು ನಾಮಕರಣ ಮಾಡಿದನು. ಆ ಊಹೆ ತಪ್ಪು. ಇಂಗಾಲವು ಕೂಡಿದುದು ಮಣ್ಣಿನಲ್ಲಿದ್ದ ಸಿಲಿಕಾನಿನೊಡನೆ. ಹರಳಿನಲ್ಲಿ ಕುರುಂದದ ಲವಲೇಶವೂ ಇಲ್ಲ. ಪರೀಕ್ಷೆಯಿಂದ ನಿಜ ತಿಳಿಯಿತು, ಹೆಸರು ಮಾತ್ರ ಉಳಿದುಬಿಟ್ಟಿತು. ನಮ್ಮ ಮಟ್ಟಿಗೆ ಅದು ಉಳಿದುದೇ ಲೇಸಾಯಿತು.

ಕೈಗೆ ಬಂದುದು ಚಿಟಿಕೆಯಷ್ಟು ಪುಡಿಯಾದ್ದರಿಂದ ಮೊದಲು ರತ್ನ ಉಜ್ಜುವವರಿಗೇ ಮಾರಬೇಕಾಯಿತು. ಬೆಲೆ ಕ್ಯಾರಟ್ಟಿಗೆ 40 ಸೆಂಟ್. ಪೌಂಡಿನ ಲೆಕ್ಕದಲ್ಲಿ ಸುಮಾರು 880 ಡಾಲರು! 1893ರಲ್ಲಿ ಪೇಟೆಂಟು ದೊರೆಯಿತು. ಅದೇ ವರ್ಷ ಷಿಕಾಗೋ ನಗರದಲ್ಲಿ ಮಹಾಪ್ರದರ್ಶನ ನಡೆಯಿತು. ಆ ಸಂದರ್ಭದಲ್ಲಿ ನೆರೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದುದನ್ನು ನಮ್ಮವರೆಲ್ಲ ಬಲ್ಲರು. ಆ ಪ್ರದರ್ಶನಕ್ಕೆ ದೀಪ ಒದಗಿಸುವ ಗುತ್ತಿಗೆ ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿಯದು. ಎಡಿಸನ್ನನ ಪೇಟೆಂಟಿಗೆ ಸಿಕ್ಕದಂತೆ ಅವನು ಬುರುಡೆ ಬೇರೆ, ಬಿರಡೆ ಬೇರೆಯಾಗಿ ದೀಪಗಳನ್ನು ಮಾಡಿಸಿದನು. ಗಾಜಿನ ಬಿರಡೆಯು ಗಾಳಿ ನುಸುಳದಂತೆ ಕೂರಬೇಕಾದರೆ ಅದನ್ನು ನುಣ್ಣಗೆ ಸವೆಸಬೇಕು. ಇದಕ್ಕಾಗಿ ಅವನು ಆಚೆಸನ್ನನಿಂದ ತರಿಸಿದುದು 60,000 ಪುಟ್ಟ ಕಾರ್ಬೊರಂಡಮ್ ಚಕ್ರಗಳನ್ನು. ಉದ್ಯಮವು ನಿಂತುಕೊಂಡಿತು.

ಅನಂತರ ಆಚೆಸನ್ನನು ತೆಗೆದುಕೊಂಡ ನಿರ್ಧಾರ ಸಾಹಸದ್ದು. ಕುಲುಮೆಯ ಹೊಟ್ಟೆಗೆ ಬೇಕಾದುದು ಅಗ್ಗದ ವಿದ್ಯುತ್ತು. ಆಗತಾನೆ ನಯಾಗರಾ ಜಲಪಾತದಲ್ಲಿ ವಿದ್ಯುದಾಗಾರವೇಳುತ್ತಿತ್ತು. ತಯಾರಾದ ಮಾಲಿನಲ್ಲಿ ಅರ್ಧವೇ ಖರ್ಚಾಗುತ್ತಿದ್ದ ಕಾಲದಲ್ಲಿ ಈತನು ನಯಾಗರಾದಿಂದ 1000 ಅಶ್ವಶಕ್ತಿಗೆ ಕರಾರು ಮಾಡಿಕೊಂಡು ಬಂದನು. ಬೆಚ್ಚಿಬಿದ್ದ ಡೈರೆಕ್ಟರುಗಳು ರಾಜೀನಾಮೆಯಿತ್ತರು. 1895ರಲ್ಲಿ ಕಾರ್ಖಾನೆ ನಯಾಗರಾಕ್ಕೆ ಹೋಯಿತು; ಬೆಲೆ ಇಳಿಯಿತು; ರತ್ನದ ಅಂಗಡಿಯ ಪುಡಿ ಕಮ್ಮಾರನ ಕೈಗೆ ಬಂತು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ತು ಹರಿದುದು 1902ರಲ್ಲಿ ಎಂಬುದನ್ನು ನೆನೆದರೆ, ಈ ವಿಷಯದಲ್ಲಿ ಮೈಸೂರು ಬಹಳ ಹಿಂದೇನೂ ಇರಲಿಲ್ಲ.

ತಯಾರಿಸುವ ಕ್ರಮ ಇಂದಿಗೂ ಬಹುಮಟ್ಟಿಗೆ ಅದೇ. ತೊಟ್ಟಿಯಂತಹ ಉದ್ದನೆಯ ಕುಲುಮೆಯ ನಡುವೆ ಗ್ರಾಫೈಟಿನ ಒಂದು ತಿರುಳು. ಅದರ ಸುತ್ತ ಶುಭ್ರವಾದ ಬೆಣಚು ಮರಳು, ಕೋಕ್ ಪುಡಿ. ಹೊಗೆ ಹೊರಕ್ಕೆ ನುಸುಳಲೆಂದು ಒಂದಿಷ್ಟು ಮರದ ಹೊಟ್ಟು, ಕಲ್ಮಷ ಹೋಗಲೆಂದು ಒಂದಿಷ್ಟು ಉಪ್ಪು. ಈ ಕೊನೆಯ ಎರಡು ಪದಾರ್ಥಗಳನ್ನು ಕೇಳಿ ನಮ್ಮ ಸೋದರತ್ತೆಯವರು "ಇದೇನು, ಉಪ್ಪಿನಕಾಯಿ ಹಾಕುವ ಹಾಗಿದೆಯಲ್ಲ" ಎಂದು ನಕ್ಕರು. ತಿರುಳಿನೊಳಗೆ ವಿದ್ಯುತ್ತನ್ನು ಒಂದೂವರೆ ದಿನವೋ ಅದಕ್ಕೂ ಹೆಚ್ಚೋ ಹರಿಸಿದರೆ ಒಡಲಿನ ಕಾವು 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಮರಳಿನ ಆಮ್ಲಜನಕವು ಇಂಗಾಲದೊಡನೆ ಅನಿಲವಾಗಿ ಹೊರಟುಹೋಗಿ, ಸಿಲಿಕಾನೂ ಉಳಿದ ಇಂಗಾಲವೂ ಹರಳುಗಟ್ಟುವುವು. ಒಡೆದು ನೋಡಿದರೆ ತಿರುಳಿನ ಸುತ್ತ ಕಪ್ಪು, ಹಸುರು ಹರಳುಗಳ ಗೊಂಚಲು ನವಿಲಿನ ಕತ್ತಿನಂತೆ ಮಿನುಗುವುದು. ಗಡಸುತನದ ಏಣಿಯಲ್ಲಿ ಇದರ ಸ್ಥಾನ ಒಂಬತ್ತಕ್ಕೂ ಹತ್ತಕ್ಕೂ ನಡುವೆ. ಕಾವು ಮಿತಿಮೀರಿದರೆ ಸಿಲಿಕಾನೂ ಆವಿಯಾಗಿ ಹೋಗಿ ಶುದ್ಧ ಗ್ರಾಫೈಟು ಉಳಿಯುವುದೆಂಬುದನ್ನೂ ಆಚೆಸನ್ನನೇ ಕಂಡುಹಿಡಿದನು. ಅವನು ಅರಸಿದ ವಜ್ರವಾದರೋ ಮನುಷ್ಯನ ಕೈಗೆ ದಕ್ಕಿದುದು ಅವನು ತೀರಿಕೊಂಡು 23 ವರ್ಷಗಳಾದ ಮೇಲೆ, 1954ರಲ್ಲಿ.

ಹರಳನ್ನು ಪುಡಿಮಾಡಿ ಜರಡಿ ಹಿಡಿಯುವರು. ಒಂದು ಅಂಗುಲಕ್ಕೆ 60 ಕಣ್ಣುಗಳುಳ್ಳ ಜರಡಿಯಲ್ಲಿ ಇಳಿದುದು 60ನೆಯ ನಂಬರು. ಸಂಖ್ಯೆ ಏರಿದಷ್ಟೂ ಪುಡಿ ನಯ. ಬಡಗಿಯ ಉಪ್ಪುಕಾಗದದ ಬೆನ್ನಿನ ಮೇಲೆ ಮುದ್ರಿಸಿರುವ ಅಂಕಿಯ ಅರ್ಥ ಇದೇ. ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಅಚ್ಚೊತ್ತಿ ಆವಿಗೆಯಲ್ಲಿ ಸುಟ್ಟರೆ ಚಕ್ರವಾಗುವುದು. ರಾಳ, ರಬ್ಬರು, ಅರಗುಗಳಿಂದ ಬಿಗಿದ ಚಕ್ರಗಳೂ ಉಂಟು. ನಮ್ಮ ಹಿಂದಿನವರ ಅರಗು ಇನ್ನೂ ಮೂಲೆಗೆ ಬಿದ್ದಿಲ್ಲ. ಇಲ್ಲಿ ಒಂದು ಸೂಕ್ಷ್ಮವುಂಟು. ಅಂಟು ತೀರ ಬಿಗಿಯಾಗಿರಕೂಡದು. ಹರಳು ಮೊಂಡಾದಾಗ ಅಂಟು ಅದನ್ನು ಕೈಬಿಟ್ಟು, ಒಳಗಿರುವ ಹೊಸ ಹರಳಿಗೆ ದಾರಿ ಮಾಡಿಕೊಡಬೇಕು. ಹಾಗೆ ಬಿಡದ ಚಕ್ರವು ಬೇಗನೆ ನುಣುಪಾಗಿ ಕಬ್ಬಿಣವನ್ನು ಕೊರೆಯುವ ಬದಲು ಸುಡುವುದು. ಭಾರತದಲ್ಲಿ ಗ್ರೈಂಡ್‌ವೆಲ್ ಸಂಸ್ಥೆ 1941ರಲ್ಲಿಯೂ, ಮದರಾಸಿನ ಕಾರ್ಬೊರಂಡಮ್ ಯೂನಿವರ್ಸಲ್ ಸಂಸ್ಥೆ 1954ರಲ್ಲಿಯೂ ಆರಂಭವಾದುವು.

ಕುರುಂದವನ್ನೇ ಕೃತಕವಾಗಿ ಮಾಡುವ ವಿದ್ಯೆಯೂ ಬಂತು. 1897ರ ಸುಮಾರಿಗೆ ಬಾಕ್ಸೈಟ್ ಅದುರನ್ನು ವಿದ್ಯುತ್ತಿನಲ್ಲಿ ಕರಗಿಸಿ ಸಾಣೆಗೆ ತಕ್ಕ ಕುರುಂದವನ್ನು ತೆಗೆದರು. ಉಕ್ಕನ್ನು ಸವೆಸಲು ಇದು, ಎರಕದ ಕಬ್ಬಿಣ, ಹಿತ್ತಾಳೆ, ಗಾಜು, ಕಲ್ಲುಗಳಿಗೆ ಕಾರ್ಬೊರಂಡಮ್ ಎಂದು ಕಾರ್ಖಾನೆಗಳಲ್ಲಿ ಪಾಲಾಗಿದೆ. ಈ ಎರಡರ ನಡುವೆ ಸಿಕ್ಕಿ ಗಣಿಯ ಕುರುಂದದ ವ್ಯಾಪಾರ ಕುಗ್ಗಿತು. ಗಣಿಯ ಕಲ್ಲು ಒಂದು ಬುಟ್ಟಿಯಿದ್ದಂತೆ ಇನ್ನೊಂದು ಬುಟ್ಟಿಯಿರದು. ಕುಲುಮೆಯದು ಎಂದೂ ಒಂದೇ ಸಮ.

ತುಮಕೂರಿನಲ್ಲಿ ಈ ಸಂಗತಿಗೆ ಒಂದು ಸ್ವಾರಸ್ಯವಾದ ಸಾಕ್ಷಿಯಿದೆ. ಎಚ್.ಎಂ.ಟಿ. ಸಂಸ್ಥೆಯ ಕೈಗಡಿಯಾರದ ಕಾರ್ಖಾನೆ ಇಲ್ಲಿ 1978ರಿಂದ 2016ರ ವರೆಗೆ ಇತ್ತು. ಅದೇ ಸಂಸ್ಥೆಯ ಜನತಾ ಗಡಿಯಾರ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದರ ಮುಖದ ಮೇಲೆ 17 ಜ್ಯುವೆಲ್ಸ್ ಎಂದಿರುವುದನ್ನು ನೋಡಬಹುದು. ಆ 17 ಮಣಿಗಳು ಕೃತಕ ಮಾಣಿಕ್ಯ, ಎಂದರೆ ಕೃತಕ ಕುರುಂದ. ಗಾಲಿಗಳ ಸೂಜಿಮೊನೆಯ ಅಚ್ಚುಗಳು ವರ್ಷಾನುಗಟ್ಟಲೆ ತಿರುಗಿದರೂ ಸವೆಯದಂತೆ ಅವುಗಳ ಕುಳಿಯಲ್ಲಿ ಕೂರಿಸಿರುವರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯಾಗಿ, 2023ರ ಫೆಬ್ರವರಿ 6ರಂದು ಲೋಕಾರ್ಪಣೆಗೊಂಡಿತಷ್ಟೆ. ಅಂತಹ ವಾಹನದ ಹಲ್ಲುಗಾಲಿಗಳು ಎಲ್ಲಿಯೇ ತಯಾರಾಗಲಿ, ಕಟ್ಟಕಡೆಗೆ ಅವಕ್ಕೆ ಕೂದಲೆಳೆಗಿಂತಲೂ ಸೂಕ್ಷ್ಮವಾದ ಅಳತೆಯನ್ನು ಕೊಡುವುದು ಸಾಣೆಚಕ್ರವೇ. ಅಡಿಕೆ ಕೊಬ್ಬರಿಗಳ ಸಂತೆಗೆ ಹೆಸರಾದ ಗುಬ್ಬಿಯಲ್ಲಿ ಮಚ್ಚಿಗೂ ಕುಡುಗೋಲಿಗೂ ಇದ್ದ ಸಾಣೆ, ಆಕಾಶಯಾನದ ವರೆಗೆ ಬಂದಿದೆ.

ಗೃಹಸ್ಥರಿಗೆ ಇದಕ್ಕಿಂತಲೂ ಹತ್ತಿರದ ವಿಷಯವೊಂದುಂಟು, ಅದು ಅಕ್ಕಿ. ತುಮಕೂರಿನ ಅಕ್ಕಿ ಗಿರಣಿಗಳಲ್ಲಿ, ಮಿಕ್ಕ ಊರುಗಳ ಗಿರಣಿಗಳಂತೆಯೇ, ಅಕ್ಕಿಯನ್ನು ಬೆಳ್ಳಗೆ ಮಾಡುವುದು ಒನಕೆಯಲ್ಲ, ಸಾಣೆ. ಎಮರಿ ಅಥವಾ ಕಾರ್ಬೊರಂಡಮ್ ಹರಳುಗಳನ್ನು ಒಂದು ಬಗೆಯ ಗಾರೆಯಿಂದ ಮೆತ್ತಿದ ಉರುಳೆ ತಿರುಗುತ್ತಿರಲು, ಅಕ್ಕಿಯ ಕಾಳು ಅದಕ್ಕೆ ಉಜ್ಜಿ ಮೇಲಿನ ತೌಡನ್ನು ಕಳೆದುಕೊಳ್ಳುವುದು. ಹೆಚ್ಚು ಉಜ್ಜಿದಷ್ಟೂ ಮಲ್ಲಿಗೆಯ ಬಣ್ಣ. ಆದರೆ ತೌಡಿನೊಡನೆ ಹೊರಟುಹೋಗುವುದು ಬಿ-1 ಜೀವಸತ್ತ್ವ. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು 1890ರ ದಶಕದಲ್ಲಿ, ಪಾಲಿಷ್ ಅಕ್ಕಿಯನ್ನು ತಿಂದ ಕೋಳಿಗಳು ಕಾಲುಸೋತು ಬೀಳುವುದನ್ನೂ, ತೌಡು ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡನು. ಬೆರಿಬೆರಿ ಎಂಬ ರೋಗದ ಗುಟ್ಟು ಹೀಗೆ ಬಯಲಾಯಿತು. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ರಾಗಿಯನ್ನು ಯಾರೂ ಬೆಳ್ಳಗಾಗುವಂತೆ ಉಜ್ಜುವುದಿಲ್ಲ. ಮುದ್ದೆಯುಣ್ಣುವ ಮನೆಗೆ ಈ ಭಯ ಕಡಿಮೆ. ಕುಸುಬಲಕ್ಕಿಯಲ್ಲಿಯೂ ಭತ್ತವನ್ನು ಬೇಯಿಸುವಾಗಲೇ ಸತ್ತ್ವವು ಕಾಳಿನೊಳಕ್ಕೆ ಇಳಿದಿರುತ್ತದೆ. ಅಂಗಡಿಯಲ್ಲಿ ಅತಿ ಬಿಳಿಯ ಅಕ್ಕಿಗೆ ಹೆಚ್ಚು ಹಣ ತೆರುವವರು, ತಾವು ತೆರುತ್ತಿರುವುದು ಸಾಣೆಯ ಕೂಲಿಯನ್ನು ಎಂಬುದನ್ನು ತಿಳಿದಿದ್ದರೆ ಸಾಕು.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಹುಲಿಯೂರುದುರ್ಗದ ಕಡೆ ತಿರುಗಿದರೆ ಎದುರಿಗೆ ನಿಲ್ಲುವುದು ಬೋಳು ಕಗ್ಗಲ್ಲಿನ ಬೆಟ್ಟ. ಆ ಜಾತಿಯ ಕಲ್ಲು, ಗ್ರಾನೈಟ್ ಎಂಬ ಹೆಸರಿನಿಂದ, ಈಗ ನಮ್ಮೆಲ್ಲರ ಅಡಿಗೆಮನೆಯ ಕಟ್ಟೆಯಾಗಿದೆ. ಬಂಡೆಯನ್ನು ಹಲಗೆಯಾಗಿ ಸೀಳುವುದು ವಜ್ರದ ಹಲ್ಲುಳ್ಳ ಗರಗಸ. ಹಲಗೆಗೆ ಕನ್ನಡಿಯ ಹೊಳಪು ಬರಬೇಕಾದರೆ ಒರಟು ಬಿಲ್ಲೆಯಿಂದ ತೊಡಗಿ ನಯವಾದ ಬಿಲ್ಲೆಯ ವರೆಗೆ ಒಂದಾದ ಮೇಲೊಂದರಂತೆ ನೀರು ಬಿಟ್ಟು ಉಜ್ಜಬೇಕು. ಬಹುಕಾಲ ಆ ಬಿಲ್ಲೆಗಳು ಕಾರ್ಬೊರಂಡಮ್ಮಿನವೇ ಆಗಿದ್ದುವು; ಇಂದು ವಜ್ರದ ಬಿಲ್ಲೆಗಳೂ ಜೊತೆಗೂಡಿವೆ.

ನೀರು ಬಿಡುವುದು ಬರಿಯ ತಂಪಿಗಾಗಿ ಅಲ್ಲ. ಕಾರ್ಬೊರಂಡಮ್ ಬರುವ ಮುನ್ನ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಚಾಕು, ಮುಳ್ಳುಚಮಚಗಳಿಗೆ ಸಾಣೆ ಹಿಡಿಯುತ್ತಿದ್ದುದು ಮರಳುಗಲ್ಲಿನ ಚಕ್ರಗಳಿಂದ. ಚಕ್ರ ಸವೆದಂತೆಲ್ಲ ಬೆಣಚಿನ ಸೂಕ್ಷ್ಮ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತಿತ್ತು. ಒಣಸಾಣೆ ಹಿಡಿಯುವವರು 35 ವರ್ಷ ದಾಟುವುದು ಅಪರೂಪ, ನೀರುಸಾಣೆಯವರು 45 ದಾಟುವುದು ಅಪರೂಪ ಎಂದು ಆ ಊರಿನ ನೈಟ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದಿಟ್ಟನು. ಧೂಳನ್ನು ಹೀರುವ ಬೀಸಣಿಗೆ ತಂದಾಗ ಕೆಲಸಗಾರರಲ್ಲಿ ಕೆಲವರು ಬೇಡವೆಂದರಂತೆ: ಕಸುಬಿನವರು ಹೆಚ್ಚು ಕಾಲ ಬದುಕಿದರೆ ಕೈಗಳು ಹೆಚ್ಚಿ ಕೂಲಿ ಇಳಿಯುವುದೆಂಬ ಭಯ. ಇದನ್ನು ಓದಿದ ದಿನ ನಮಗೆ ಬೇರೆ ಏನನ್ನೂ ಬರೆಯಲಾಗಲಿಲ್ಲ.

ಕುಲುಮೆಯ ಕಲ್ಲು ಬಂದ ಮೇಲೆ ಮರಳುಗಲ್ಲಿನ ಚಕ್ರ ಹಿಂದೆ ಸರಿಯಿತು. ಆ ಮೂಲಕ ಎಷ್ಟೋ ಸಾಣೆಯವರ ಆಯುಸ್ಸು ಬೆಳೆಯಿತು. ಕಾರ್ಖಾನೆಯ ಹೊಸ ಸಾಣೆಕಲ್ಲಿನ ದೊಡ್ಡ ಉಪಕಾರ ಇದೇ ಎಂದು ನಾವು ತಿಳಿದಿದ್ದೇವೆ. ಆದರೆ ಉಜ್ಜಿಸಿಕೊಳ್ಳುವ ವಸ್ತುವೇ ಬೆಣಚುಳ್ಳ ಕಗ್ಗಲ್ಲಾದರೆ, ಉಜ್ಜುವ ಕಲ್ಲು ಎಷ್ಟು ಒಳ್ಳೆಯದಾದರೂ ಧೂಳು ಅದೇ ಹಳೆಯ ಧೂಳು. ಕೋಲಾರದ ಚಿನ್ನದ ಗಣಿಗಳಲ್ಲಿ ಸಿಲಿಕೋಸಿಸ್ ಎಂಬ ಈ ರೋಗವು 1934ರಲ್ಲಿ ವರದಿಯಾಯಿತು. ಮೈಸೂರು ಸಂಸ್ಥಾನವು 1940ರಲ್ಲಿ ಅದಕ್ಕಾಗಿಯೇ ನಿಯಮಗಳನ್ನು ಮಾಡಿತು. ಮನೆ ಕಟ್ಟಿಸುವಾಗ ಕೆಲಸಗಾರನು ಕೈಯಂತ್ರದಿಂದ ಗ್ರಾನೈಟನ್ನು ಒಣಗಿದ್ದಂತೆಯೇ ಕತ್ತರಿಸುತ್ತ ಬಿಳಿಯ ಮೋಡದೊಳಗೆ ಕುಳಿತಿರುವುದನ್ನು ಯಾರು ತಾನೆ ಕಂಡಿಲ್ಲ? ಒಂದು ಬಕೆಟ್ ನೀರನ್ನೂ ಮೂಗಿಗೆ ತಕ್ಕ ಕವಚವನ್ನೂ ಒದಗಿಸುವುದು ಮನೆಯ ಯಜಮಾನನಿಗೆ ಭಾರವಾಗಲಾರದು. ಮುಖಕ್ಕೆ ಸುತ್ತಿದ ಟವಲು ಆ ಸೂಕ್ಷ್ಮ ಧೂಳನ್ನು ತಡೆಯಲಾರದು.

ಮನೆಯ ಉಪಯೋಗಕ್ಕೆ ಕಲ್ಲನ್ನು ಕೊಳ್ಳುವವರು ಎರಡು ಮುಖದ ಕಾರ್ಬೊರಂಡಮ್ ಕಲ್ಲನ್ನು ಕೇಳಬೇಕು; ಒಂದು ಮುಖ ಒರಟು, ಇನ್ನೊಂದು ನಯ. ನೀರನ್ನಾದರೂ ಹೊಲಿಗೆಯಂತ್ರದ ಎಣ್ಣೆಯನ್ನಾದರೂ ಹಚ್ಚಬಹುದು. ಕಡಲೆಕಾಯಿ ಎಣ್ಣೆ ಕೂಡದು. ಅದು ಜಿಗುಟಾಗಿ ಕಲ್ಲಿನ ರಂಧ್ರಗಳನ್ನು ಮುಚ್ಚುವುದು. ಚಾಕುವಿನ ಬೆನ್ನನ್ನು ಸ್ವಲ್ಪವೇ ಎತ್ತಿ, ಸುಮಾರು 20 ಡಿಗ್ರಿ ಕೋನದಲ್ಲಿ, ಎರಡು ಪಕ್ಕಗಳನ್ನೂ ಸಮವಾಗಿ ಉಜ್ಜಬೇಕು. ಅಡಕತ್ತರಿಯ ಅಲಗಿಗೆ ಒಂದೇ ಪಕ್ಕ ಸಾಣೆ. ತಿರುಗುವ ಚಕ್ರವನ್ನು ಕೊಳ್ಳುವವರು ಹೆಂಗಸರು ಮಡಕೆಯನ್ನು ಕೊಳ್ಳುವಾಗ ಮಾಡುವಂತೆ ಮಾಡತಕ್ಕದ್ದು: ಬೆರಳಿನ ಮೇಲೆ ತೂಗಿಸಿ ಮರದ ಹಿಡಿಯಿಂದ ತಟ್ಟಿ ನೋಡಿದರೆ, ಸುಟ್ಟ ಮಣ್ಣಿನ ಒಳ್ಳೆಯ ಚಕ್ರವು ಠಣ್ ಎನ್ನುವುದು, ಬಿರುಕುಬಿಟ್ಟುದು ಬೊದ್ದೆನ್ನುವುದು. ವಿದ್ಯುತ್ತಿನ ಯಂತ್ರದಲ್ಲಿ ಚಕ್ರದ ಅಂಚು ಸೆಕೆಂಡಿಗೆ 30 ಮೀಟರಿನಷ್ಟು ವೇಗದಿಂದ ಓಡುವುದರಿಂದ, ಬಿರುಕು ಬಿಟ್ಟುದು ಸಿಡಿದರೆ ಗುಂಡಿನ ಏಟು. ಸಾಣೆಯಾದ ಮೇಲೆ ಅಲಗನ್ನು ಸೋಪು ಹಾಕಿ ತೊಳೆಯದೆ ಅಡಿಗೆಗೆ ತರಬಾರದು. ಕಲ್ಲಿನ ಹರಳೂ ಉಕ್ಕಿನ ಪುಡಿಯೂ ಅದಕ್ಕೆ ಅಂಟಿರುತ್ತವೆ. ನಾವು ಇಷ್ಟೆಲ್ಲ ವಿವರಿಸಿದುದನ್ನು ಕೇಳಿದ ಸೋದರತ್ತೆಯವರು ಸಾಣೆಯವನಿಗೆ ಹಣದ ಜೊತೆಗೆ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟು ಕಳುಹಿಸಿ, ಅಡಕತ್ತರಿಯನ್ನು ಮೂರು ಸಲ ತೊಳೆದು, ಆಮೇಲೆ ಕೊಬ್ಬರಿಯ ಮುಂದೆ ಕುಳಿತರು.